ಮನೋರೋಗದ ಸಂಶೋಧನೆ: ಯಾವ ಪ್ರಶ್ನೆ ಮೊದಲು ಎಂದು ರೋಗಿಯನ್ನೂ ಮನೆಯವರನ್ನೂ ಕೇಳಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ನಾನು ಕೊಪ್ಪ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ 34 ವರ್ಷ ರೈಟರ್ ಆಗಿ, ಅಂದರೆ ಆಳುಗಳ ಹಾಜರಿ ಮತ್ತು ಲೆಕ್ಕ ಬರೆಯುವವನಾಗಿ ದುಡಿದು ನಿವೃತ್ತನಾದವನು. ನನ್ನ ತಮ್ಮನಿಗೆ 1996ರಲ್ಲಿ, ಅವನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗ ಕಾಣಿಸಿಕೊಂಡಿತು. ಅಂದಿನಿಂದ ಇಂದಿನವರೆಗೂ ಅವನು ನಮ್ಮ ಮನೆಯಲ್ಲೇ, ನನ್ನ ಮತ್ತು ನನ್ನ ಪತ್ನಿಯ ಆರೈಕೆಯಲ್ಲೇ ಇದ್ದಾನೆ. ಮಾನಸಿಕ ಕಾಯಿಲೆಗಳ ಬಗ್ಗೆ ಸರ್ಕಾರದ ಹಣದಲ್ಲಿ, ಅಂದರೆ ನಾವೆಲ್ಲ ಕೊಟ್ಟ ತೆರಿಗೆಯ ಹಣದಲ್ಲಿ ನಡೆಯುವ ಸಂಶೋಧನೆಗಳು ಯಾವ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬ ವಿಷಯದಲ್ಲಿ ನನಗೆ ತೋರಿದ್ದನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಸರ್ಕಾರದ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದೆ, ದಯವಿಟ್ಟು ಮನ್ನಿಸಬೇಕು.

ಬರೆಯಲೇಬೇಕು ಎನ್ನಿಸಿದ್ದು ಕಳೆದ ಕಾಫಿ ಕುಯ್ಲಿನ ಹೊತ್ತಿನ ಒಂದು ಮಂಗಳವಾರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ಅಂದು ಬೆಳಗಿನ ಬಸ್ಸಿಗೆ ತಮ್ಮನನ್ನು ಕರೆದುಕೊಂಡು ಹೋಗಿ, ಚೀಟಿ ಮಾಡಿಸಿ, ಬೆಂಚಿನ ಮೇಲೆ ಕಾದು ಕುಳಿತೆವು. ಹೊರಗಿನಿಂದ ತಂದುಕೊಟ್ಟ ಕಾಫಿ ಲೋಟವನ್ನು ಅವನು ಎರಡು ಕೈಯಿಂದ ಹಿಡಿದರೂ ಕೈ ನಡುಗಿ ಅರ್ಧ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಈ ನಡುಕ ಕಾಯಿಲೆಯಿಂದ ಬಂದದ್ದಲ್ಲ, ಕಾಯಿಲೆಗೆ ಕೊಡುವ ಮಾತ್ರೆಯಿಂದ ಬಂದದ್ದು. ಅವನು ಏನೂ ಮಾತನಾಡದೆ ಲೋಟವನ್ನು ಬೆಂಚಿನ ಕೆಳಗಿಟ್ಟು, ಅಂಗೈಯಿಂದ ಅಂಗಿ ಒರೆಸಿಕೊಂಡು, ತನ್ನ ಸರದಿ ಬಂದಾಗ ಒಳಗೆ ಹೋಗಿ ವೈದ್ಯರನ್ನು ಕೇಳಿದ: "ಸಾರ್, ಬಿಸಿಲಲ್ಲಿ ಕಣದಲ್ಲಿ ಕಾಫಿ ಎಳೆಯುವಾಗ ತಲೆ ಸುತ್ತಿ ಬೀಳೋ ಹಾಗಾಗ್ತದೆ. ಮಾತ್ರೆ ಎಷ್ಟು ಕಡಿಮೆ ಮಾಡಿದರೆ ಕೆಲಸನೂ ಆಗ್ತದೆ, ಕಾಯಿಲೆನೂ ತಿರುಗಿ ಬರೋದಿಲ್ಲ?"

ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರೂ ಆ ಯುವ ವೈದ್ಯರು ಪೆನ್ನು ಕೆಳಗಿಟ್ಟು ಅವನ ಮಾತನ್ನು ಪೂರ್ತಿ ಕೇಳಿದರು. ಈ ಔಷಧಿಗಳಿಂದ ಕೆಲವರಲ್ಲಿ ಕುಳಿತು ಎದ್ದಾಗ ರಕ್ತದೊತ್ತಡ ಇಳಿಯಬಹುದು, ಬಿಸಿಲಿನ ಶಾಖವನ್ನು ತಡೆದುಕೊಳ್ಳುವ ಮೈಯ ಶಕ್ತಿಯೂ ಕುಂದಬಹುದು ಎಂದು ಅವನಿಗೆ ಅರ್ಥವಾಗುವಂತೆ ತಿಳಿಸಿದರು. ಆದರೆ ದಿನವಿಡೀ ಬಿಸಿಲಿನಲ್ಲಿ ಮೈಮುರಿದು ದುಡಿಯುವ ಆಳಿಗೆ ಎಷ್ಟು ಪ್ರಮಾಣ ತಕ್ಕದ್ದು ಎಂದು ಹೇಳಲು ಆಧಾರವಾಗಿ ಹಿಡಿಯಬಹುದಾದ ಅಧ್ಯಯನ ತಮ್ಮ ಕೈಯಲ್ಲಿಲ್ಲ, ಅಂದಾಜಿನ ಮೇಲೆ ಸ್ವಲ್ಪ ಬದಲಿಸಿ ನೋಡೋಣ ಎಂದರು. ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಅದಕ್ಕೆ ನಾನು ಅವರಿಗೆ ಋಣಿ. ಆದರೆ ಮೂವತ್ತು ವರ್ಷ ಮಾತ್ರೆ ನುಂಗಿದ ಮನುಷ್ಯನೊಬ್ಬ ತನ್ನ ಅನ್ನಕ್ಕೆ ಸಂಬಂಧಿಸಿದ ಇಷ್ಟು ನೇರವಾದ ಪ್ರಶ್ನೆ ಕೇಳಿದಾಗ, ಅದನ್ನು ಇದುವರೆಗೆ ಯಾರೂ ನಮ್ಮ ಕಡೆ ಕುಳಿತು ಪರೀಕ್ಷಿಸಿ ನೋಡಿಲ್ಲವೆಂಬುದು ನನ್ನ ಮನಸ್ಸನ್ನು ಬಹಳ ಕೊರೆಯಿತು.

ಇದನ್ನು ನನಗೆ ಪರಿಚಯವಿರುವ ಇನ್ನೊಂದು ಸಂಶೋಧನೆಯ ಜೊತೆ ಇಟ್ಟು ನೋಡುತ್ತೇನೆ. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಕಾಫಿಗೆ ರೋಗ ಬಿದ್ದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1915ರಲ್ಲಿ ನಮ್ಮ ಕೊಪ್ಪದಲ್ಲೇ ಒಂದು ತಾತ್ಕಾಲಿಕ ಕೇಂದ್ರ ಶುರುವಾಗಿ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಯಂ ಪ್ರಯೋಗ ಕೇಂದ್ರವಾಯಿತು. ತುಕ್ಕು ರೋಗ ತಡೆಯುವ ತಳಿ ಬೇಕೆಂದು ಬೆಳೆಗಾರರು ಕೇಳಿದರು; 1940ರ ದಶಕದಲ್ಲಿ ಎಸ್.795 ತಳಿ ಬಂತು, 2007ರಲ್ಲಿ ಚಂದ್ರಗಿರಿ ಬಂತು. ಬಿಳಿ ಕಾಂಡಕೊರಕದ, ಅಂದರೆ ಬೋರರ್ ಹುಳುವಿನ ಕಾಟ ಹೆಚ್ಚಿದ ವರ್ಷಗಳಲ್ಲಿ ನಾನೇ, ತೊಗಟೆಯ ಮೇಲೆ ಉಬ್ಬು ಗೆರೆ ಬಿದ್ದ ಕಾಂಡದ ತುಂಡುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಅಲ್ಲಿನ ವಿಜ್ಞಾನಿಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಅವರು ಅದನ್ನು ಸೀಳಿ ಹುಳುವಿನ ಸುರಂಗ ತೋರಿಸಿ, ನಮ್ಮ ತೋಟದ ನೆರಳು ಎಷ್ಟಿದೆ, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಯಾವಾಗ ಮಾಡಿಸಿದಿರಿ, ಬೋರರ್ ಬಿದ್ದ ಗಿಡ ಕಿತ್ತು ಏನು ಮಾಡುತ್ತೀರಿ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಬರೆದುಕೊಂಡರು. ಬೋರರ್ ಹುಳುವಿಗೆ ಇಂದಿಗೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಆದರೂ ಬೆಳೆಗಾರನಿಗೆ ಏನು ಬೇಕಾಗಿದೆ ಎಂಬುದು ಆ ಸಂಸ್ಥೆಗೆ ಗೊತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ರಚನೆಯಾಗುವ ಕಾಫಿ ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳಿಗೂ ತೋಟದ ಕಾರ್ಮಿಕರ ಪ್ರತಿನಿಧಿಗಳಿಗೂ ಸ್ಥಾನವಿದೆ.

ಅದೇ 1925ನೇ ಇಸವಿಯಲ್ಲಿ ಅದೇ ಮೈಸೂರು ಸರ್ಕಾರ ಬೆಂಗಳೂರಿನ ಹುಚ್ಚಾಸ್ಪತ್ರೆಯ ಹೆಸರು ಬದಲಿಸಿ ಮಾನಸಿಕ ಆಸ್ಪತ್ರೆ ಎಂದು ಕರೆಯಿತು. ಮುಂದೆ 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ಇಂದಿನ ನಿಮ್ಹಾನ್ಸ್ ಆಯಿತು. ದೇಶಕ್ಕೇ ಹೆಸರಾದ ಸಂಸ್ಥೆ; 1996ರಲ್ಲಿ ನಮ್ಮ ಮನೆಯವರೆಲ್ಲ ದಿಕ್ಕು ತೋಚದೆ ಕುಳಿತಿದ್ದಾಗ ನೆರೆಯವರು ಹೇಳಿದ ಮೊದಲ ಮಾತು "ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಿ" ಎಂಬುದೇ. ಎರಡೂ ಕೇಂದ್ರಗಳು ಸಾರ್ವಜನಿಕರ ಹಣದಲ್ಲಿ ಬೆಳೆದವು. ಕಾಫಿ ಗಿಡದ ರೋಗದ ವಿಷಯದಲ್ಲಿ ಗಿಡದ ಯಜಮಾನನನ್ನು ಕೇಳುವ ಪದ್ಧತಿ ನೂರು ವರ್ಷದಿಂದ ಇದೆ. ಮನುಷ್ಯನ ಮನೋರೋಗದ ವಿಷಯದಲ್ಲಿ, ದೆಹಲಿಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಗಲಿ, ವಿಜ್ಞಾನ ತಂತ್ರಜ್ಞಾನದ ಇಲಾಖೆಗಳಾಗಲಿ ಅನುದಾನ ಹಂಚುವ ಮೊದಲು ರೋಗಿಯನ್ನೂ ಅವನ ಮನೆಯವರನ್ನೂ ಕ್ರಮವಾಗಿ ಕೇಳಬೇಕೆಂಬುದು ನನ್ನ ಮುಖ್ಯ ಕೋರಿಕೆ.

ಕಾನೂನು ಈ ದಾರಿಯಲ್ಲಿ ಆಗಲೇ ಒಂದು ಹೆಜ್ಜೆ ಇಟ್ಟಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2018ರ ಮೇ 29ರಂದು ಜಾರಿಗೆ ಬಂತು. ಅದರ ಪ್ರಕಾರ ರಚಿಸಬೇಕಾದ ಕೇಂದ್ರ ಮತ್ತು ರಾಜ್ಯ ಪ್ರಾಧಿಕಾರಗಳಲ್ಲಿ ಮಾನಸಿಕ ಕಾಯಿಲೆ ಅನುಭವಿಸಿದವರ ಪರವಾಗಿ ಇಬ್ಬರು, ಆರೈಕೆ ಮಾಡುವವರ ಪರವಾಗಿ ಇಬ್ಬರು ಸದಸ್ಯರಿರಬೇಕು. ಆಸ್ಪತ್ರೆ ಹೇಗೆ ನಡೆಯಬೇಕು ಎಂದು ಹೇಳಲು ಯೋಗ್ಯರಾದ ಈ ಜನ, ಯಾವುದರ ಬಗ್ಗೆ ಸಂಶೋಧನೆ ಆಗಬೇಕು ಎಂದು ಹೇಳಲು ಅಯೋಗ್ಯರಾಗುವುದು ಹೇಗೆ? ಅನುದಾನದ ಅರ್ಜಿಗಳಿಗೆ ವಿಷಯ ಗೊತ್ತುಮಾಡುವ ಸಮಿತಿಗಳಲ್ಲೂ ಇದೇ ನಿಯಮವನ್ನು ತರಲು ಹೊಸ ಕಾಯ್ದೆಯೇನೂ ಬೇಕಾಗದು, ಒಂದು ಸುತ್ತೋಲೆ ಸಾಕಾದೀತು. ಬ್ರಿಟನ್ನಿನಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ವ್ಯವಸ್ಥೆ 2004ರಿಂದ ಇದನ್ನೇ ಮಾಡುತ್ತಿದೆ. ಅಲ್ಲಿ ಒಂದೊಂದು ಕಾಯಿಲೆಗೂ ರೋಗಿಗಳು, ಆರೈಕೆ ಮಾಡುವವರು ಮತ್ತು ವೈದ್ಯರು ಒಂದೇ ಮೇಜಿನ ಸುತ್ತ ಕುಳಿತು, ಉತ್ತರ ಸಿಗದೆ ಉಳಿದಿರುವ ಪ್ರಶ್ನೆಗಳನ್ನು ಕಲೆಹಾಕಿ, ಅವುಗಳಲ್ಲಿ ಮುಖ್ಯವಾದ ಹತ್ತನ್ನು ಒಮ್ಮತದಿಂದ ಆರಿಸಿ ಪ್ರಕಟಿಸುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಮೆದುಳಿನ ಬಗ್ಗೆ, ವಂಶವಾಹಿಗಳ ಬಗ್ಗೆ ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸ ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಲೆನಾಡಿನ ಕಾಡಿನಲ್ಲಿ ಸಿಗುವ ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ಅದರಿಂದ ರೆಸರ್ಪೀನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂನ ಗುಣ ಕಂಡುಹಿಡಿಯದೆ ಇದ್ದಿದ್ದರೆ, ಒಮ್ಮೆ ವಿಪರೀತ ಉತ್ಸಾಹ, ಒಮ್ಮೆ ಕಡು ಖಿನ್ನತೆ ಎಂದು ತೂಗುವ ಕಾಯಿಲೆಯವರ ಗತಿ ಏನಾಗುತ್ತಿತ್ತೋ. ಬೆಂಗಳೂರಿನಲ್ಲಿ 2016ರಿಂದ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಲ್ಲಿ ನಿಮ್ಹಾನ್ಸ್ ಮತ್ತು ಇತರ ಸಂಸ್ಥೆಗಳು, ಒಂದೇ ಮನೆಯಲ್ಲಿ ಹಲವರಿಗೆ ಮನೋರೋಗವಿರುವ ಕುಟುಂಬಗಳ ಜೀವಕೋಶಗಳನ್ನು ಇಟ್ಟುಕೊಂಡು ಅಧ್ಯಯನ ಮಾಡುತ್ತಿವೆ. ನಮ್ಮ ಸೋದರತ್ತೆಗೂ ಇದೇ ಕಾಯಿಲೆ ಇತ್ತು. ನನ್ನ ಮಗಳಿಗೆ ಮದುವೆಯಾಗಿ ಮಕ್ಕಳಾಗಿವೆ. ಆ ಅಧ್ಯಯನದಿಂದ ನನ್ನ ಮೊಮ್ಮಕ್ಕಳಿಗೆ ಒಳ್ಳೆಯದಾಗಬಹುದು ಎಂಬ ಆಸೆ ನನಗೂ ಇದೆ.

ಆದರೆ ಹಣವೆಲ್ಲ ಆ ಕಡೆಗೇ ಹರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಕಣ್ಣ ಮುಂದಿದೆ. ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಗೆ 2002ರಿಂದ 2015ರವರೆಗೆ ನಿರ್ದೇಶಕರಾಗಿದ್ದ ಥಾಮಸ್ ಇನ್ಸೆಲ್, ಮೆದುಳು ಮತ್ತು ವಂಶವಾಹಿಗಳ ಸಂಶೋಧನೆಗೆ ಒತ್ತು ಕೊಟ್ಟವರು. ಹುದ್ದೆ ಬಿಟ್ಟ ಮೇಲೆ ಅವರೇ ಬಹಿರಂಗವಾಗಿ ಒಪ್ಪಿಕೊಂಡ ಸಂಗತಿಯೆಂದರೆ, ಸುಮಾರು 2,000 ಕೋಟಿ ಡಾಲರ್ ಖರ್ಚಾಗಿ ವಿದ್ವತ್ಪೂರ್ಣ ಪ್ರಬಂಧಗಳು ಹೊರಬಂದರೂ, ಆತ್ಮಹತ್ಯೆಗಳನ್ನು ತಗ್ಗಿಸುವುದರಲ್ಲಿ, ಆಸ್ಪತ್ರೆ ಸೇರುವವರ ಸಂಖ್ಯೆಯನ್ನು ಇಳಿಸುವುದರಲ್ಲಿ, ಕಾಯಿಲೆಯವರ ಬದುಕನ್ನು ಹಸನು ಮಾಡುವುದರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು ಹೀಗೆ ಹೇಳಲು ಎದೆಗಾರಿಕೆ ಬೇಕು. ಅಮೆರಿಕಕ್ಕೆ ಅಷ್ಟು ಹಣ ಹೋದರೂ ತಡೆದುಕೊಳ್ಳುವ ಶಕ್ತಿ ಇದೆ. ನಮ್ಮಂಥ ದೇಶಕ್ಕೆ ಅದು ಕಷ್ಟ.

ನಮ್ಮ ಸ್ಥಿತಿ ನೋಡಿ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ತೀವ್ರ ಮನೋರೋಗವುಳ್ಳವರಲ್ಲಿ ಶೇ 73.6ರಷ್ಟು ಮಂದಿ, ಮದ್ಯಪಾನದ ಕಾಯಿಲೆಯವರಲ್ಲಿ ಶೇ 86.3ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಕಂಡುಹಿಡಿದು ಎಪ್ಪತ್ತು ವರ್ಷವಾದ ಔಷಧಿಯೇ ನಾಲ್ವರಲ್ಲಿ ಮೂವರ ಕೈ ಸೇರದಿರುವಾಗ, ಅದು ಏಕೆ ಸೇರುತ್ತಿಲ್ಲ, ಸೇರಿದರೂ ಏಕೆ ನಡುವೆ ನಿಂತುಹೋಗುತ್ತದೆ ಎಂಬುದೇ ಸಂಶೋಧನೆಗೆ ಮೊದಲ ವಿಷಯವಾಗಬೇಡವೇ? ಇನ್ನೊಂದು ಮಾತು. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪೂರ್ವಭಾವಿ ಪ್ರಯೋಗವಷ್ಟೇ ನಡೆಯಿತು. ಆಗಾಗ ನಮ್ಮ ಜಿಲ್ಲೆಗಳ ಬಗ್ಗೆ ಹೇಳುವಾಗ ಬಳಸುವ ಅಂಕಿಗಳು ಬೇರೆ ರಾಜ್ಯದವರ ಮನೆಗಳಲ್ಲಿ ಎಣಿಸಿದ ಅಂಕಿಗಳು.

ಮಾತ್ರೆ ನಡುವೆ ನಿಂತುಹೋಗುವುದು ಎಂದೆನಲ್ಲ, ಅದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 2003ರ ಮಳೆಗಾಲದಲ್ಲಿ ಬಚ್ಚಲ ಒಲೆಗೆಂದು ಒಟ್ಟಿದ್ದ ಸೌದೆಯ ಹಿಂದೆ, ನಮ್ಮ ಕಣ್ಣೆದುರೇ ಬಾಯಿಗೆ ಹಾಕಿಕೊಂಡಂತೆ ಮಾಡಿ ತಮ್ಮ ಅಡಗಿಸಿಟ್ಟಿದ್ದ ಮಾತ್ರೆಗಳ ರಾಶಿ ಸಿಕ್ಕಿತು. ತೇವಕ್ಕೆ ಕರಗಿ ಒಂದಕ್ಕೊಂದು ಅಂಟಿ ಹೋಗಿದ್ದವು. ಎಣಿಸಿದೆ, ಅರುವತ್ತಕ್ಕೂ ಹೆಚ್ಚು. ಆ ವೇಳೆಗೆ ಕಾಯಿಲೆ ಮರುಕಳಿಸಿ ಅವನು ರಾತ್ರಿಯೆಲ್ಲ ಅಂಗಳದಲ್ಲಿ ಮಳೆಗೆ ಮೈಯೊಡ್ಡಿ ನಿಲ್ಲುತ್ತಿದ್ದ. ಆಗ ನಾನು ಅವನ ಮೇಲೆ ಸಿಟ್ಟಾಗಿ ಕೂಗಾಡಿದೆ. ಬಹಳ ದಿನಗಳ ಮೇಲೆ, ಸುಧಾರಿಸಿದ ನಂತರ, ಅವನು ಹೇಳಿದ: ಮಾತ್ರೆ ತಿಂದರೆ ಕೂತಲ್ಲಿ ಕೂರಲಾಗದೆ ಕಾಲು ತಾನಾಗಿ ಆಡುತ್ತದೆ, ಯಾರೋ ಒಳಗಿಂದ ಎಳೆದಂತಾಗುತ್ತದೆ, ಹೇಳಿದರೆ ನೀವು ಇದೂ ಕಾಯಿಲೆಯದ್ದೇ ಅನ್ನುತ್ತೀರಿ ಎಂದು. ಅದು ಔಷಧಿಯ ಅಡ್ಡಪರಿಣಾಮ, ವೈದ್ಯರು ಬಲ್ಲದ್ದೇ, ಬೇರೆ ಔಷಧಿಯಿಂದ ತಗ್ಗಿಸಬಹುದಾದದ್ದೇ. ನಮಗೆ ಗೊತ್ತಿರಲಿಲ್ಲ, ಕೇಳಬೇಕೆಂದೂ ಹೊಳೆದಿರಲಿಲ್ಲ. ಒಂದೊಂದು ಮನೆಯಲ್ಲಿ ಮಾತ್ರೆ ನಿಲ್ಲಲು ಒಂದೊಂದು ಕಾರಣವಿರುತ್ತದೆ: ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮದುವೆಯ ಮಾತುಕತೆ, ಹರಕೆ ಹೊತ್ತ ಮೇಲೆ ಔಷಧಿ ಬಿಡಬೇಕೆಂಬ ನಂಬಿಕೆ, ಮೈ ಊದುವುದು, ಗಂಡಸರು ಯಾರ ಮುಂದೆಯೂ ಹೇಳಲಾಗದ ದಾಂಪತ್ಯದ ತೊಂದರೆ. ಇವುಗಳಲ್ಲಿ ಯಾವುದು ಎಷ್ಟು, ಯಾವುದಕ್ಕೆ ಯಾವ ಉಪಾಯ ನಾಟುತ್ತದೆ, ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಯಾರಿಗೆ ಒಗ್ಗುತ್ತದೆ ಎಂಬುದನ್ನು ತಾಲ್ಲೂಕುಗಳಲ್ಲಿ ಕುಳಿತು ವರ್ಷಗಟ್ಟಲೆ ನೋಡಿದರೆ ಮಾತ್ರ ತಿಳಿದೀತು.

ಇಂಥ ಕೆಲಸ ನಮ್ಮವರಿಗೆ ಹೊಸದಲ್ಲ ಎಂಬುದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋರೋಗಕ್ಕೆ ಹಳ್ಳಿಯಲ್ಲೇ ಚಿಕಿತ್ಸೆ ನಡೆಸಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಆರೋಗ್ಯ ಕಾರ್ಯಕರ್ತರ ನೆರವಿನಿಂದ ಹುಡುಕಿ, ಊರಿನಲ್ಲೇ ಚಿಕಿತ್ಸೆ ಕೊಟ್ಟು, ಕಡಿಮೆ ಬೆಲೆಯ ಔಷಧಿಯಿಂದಲೇ ಅವರ ದಿನನಿತ್ಯದ ಅಸಾಮರ್ಥ್ಯ ತಗ್ಗುತ್ತದೆಂದು ಅಲ್ಲಿ ದುಡಿದ ವೈದ್ಯರು ತೋರಿಸಿಕೊಟ್ಟರು. ಕೊಪ್ಪದಿಂದ ತೀರ್ಥಹಳ್ಳಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಗಡಿಯ ಆ ಕಡೆ ಹುಟ್ಟಿದ್ದರೆ ನನ್ನ ತಮ್ಮನ ಹೆಸರೂ ಆ ಪಟ್ಟಿಯಲ್ಲಿ ಇರುತ್ತಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಗೋವಾದಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ವೈದ್ಯರೂ ಅಲ್ಲದ, ಮನಶ್ಶಾಸ್ತ್ರ ಓದಿದವರೂ ಅಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆಯಿಂದ ತೀವ್ರವಾಗಿ ಬಳಲುತ್ತಿದ್ದವರೊಡನೆ ಆರೆಂಟು ಬಾರಿ ಕುಳಿತು ಮಾತನಾಡಿಸುವ ಕ್ರಮ ಅದು. ಮೂರು ತಿಂಗಳ ನಂತರ ನೋಡಿದಾಗ ಆ ನೆರವು ಪಡೆದವರಲ್ಲಿ ಶೇ 64ರಷ್ಟು ಮಂದಿ, ಸಾಮಾನ್ಯ ಆರೈಕೆಯಷ್ಟೇ ಪಡೆದವರಲ್ಲಿ ಶೇ 39ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ನಮ್ಮ ಆಶಾ ಕಾರ್ಯಕರ್ತೆಯರು ಇದನ್ನು ಮಾಡಬಲ್ಲರೇ, ಈಗಾಗಲೇ ಹೊತ್ತಿರುವ ಕೆಲಸದ ಮೇಲೆ ಇದನ್ನೂ ಹೊರಿಸಿದರೆ ಏನಾಗುತ್ತದೆ, ಅವರಿಗೆ ಎಷ್ಟು ಗೌರವಧನ ಕೊಡಬೇಕಾಗುತ್ತದೆ ಎಂಬುದನ್ನು ಕಡೂರಿನಲ್ಲೋ ಅರಕಲಗೂಡಿನಲ್ಲೋ ಪರೀಕ್ಷಿಸಿ ನೋಡುವುದು ಅಗತ್ಯ. ಗೋವಾದ ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಲಂಡನ್ನಿನ ವೆಲ್‌ಕಮ್ ಟ್ರಸ್ಟ್. ನಮ್ಮ ಜನರಿಗೆ ಇಷ್ಟು ಉಪಯೋಗವಾಗುವ ವಿಷಯಕ್ಕೆ ನಮ್ಮ ಖಜಾನೆಯೇ ಮುಂದಾಗಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ನೆರೆಯ ಹಾಸನ ಜಿಲ್ಲೆಯಲ್ಲಿ 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಪ್ರತಿದಿನ ಪತ್ರಿಕೆಗಳಲ್ಲಿ ಬಂದಾಗ ಏನಾಯಿತೆಂದು ಓದುಗರು ಬಲ್ಲರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ ಸಾವುಗಳ ವಿವರ ಕಲೆಹಾಕಿ, ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದು ಕೆಲವೇ ವಾರಗಳಲ್ಲಿ ವರದಿ ಕೊಟ್ಟಿತು. ಅದು ಸರಿಯಾದ ಕ್ರಮ. ಜನರ ಆತಂಕಕ್ಕೆ ಲೆಕ್ಕ ಹಿಡಿದು ಉತ್ತರ ಕೊಡಬೇಕಾದದ್ದೇ ಹಾಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 13,606 ಮಂದಿ. ದಿನಕ್ಕೆ 37 ಜನ. ಅಷ್ಟೇ ಶೀಘ್ರವಾಗಿ, ಅಷ್ಟೇ ಗಂಭೀರವಾಗಿ, ತಾಲ್ಲೂಕುವಾರು ಪ್ರತಿ ಸಾವಿನ ಹಿನ್ನೆಲೆಯನ್ನು ಮನೆಯವರ ಮನಸ್ಸು ನೋಯದಂತೆ ವಿಚಾರಿಸಿ ತಿಳಿಯುವ ಒಂದು ಅಧ್ಯಯನವನ್ನು ಹಾಸನ ಮತ್ತು ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ನಡೆಸಬೇಕು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ನಮ್ಮ ಚಿಕ್ಕಮಗಳೂರಿನ ಹೊಸ ಸರ್ಕಾರಿ ವೈದ್ಯಕೀಯ ಕಾಲೇಜೂ ಕೂಡಿ ಈ ಕೆಲಸ ಮಾಡಬಲ್ಲವು.

ಆತ್ಮಹತ್ಯೆಯ ವಿಷಯದಲ್ಲಿ ಸಂಶೋಧನೆಯ ಆದ್ಯತೆ ಎಂದರೆ ಮೆದುಳಿನ ರಸಾಯನವೊಂದೇ ಅಲ್ಲ ಎಂಬುದಕ್ಕೆ ಶ್ರೀಲಂಕಾ ಸಾಕ್ಷಿ. ಅಲ್ಲಿ 1995ರ ಸುಮಾರಿಗೆ ಆತ್ಮಹತ್ಯೆಯ ಪ್ರಮಾಣ ತುತ್ತತುದಿ ಮುಟ್ಟಿತ್ತು. ಅತಿ ವಿಷಕಾರಿಯಾದ ಕೀಟನಾಶಕಗಳನ್ನೂ ಕಳೆನಾಶಕಗಳನ್ನೂ ಒಂದೊಂದಾಗಿ ನಿಷೇಧಿಸಿದ ಮೇಲೆ, ಮುಂದಿನ ಎರಡು ದಶಕಗಳಲ್ಲಿ ಅದು ಸುಮಾರು ಶೇ 70ರಷ್ಟು ಇಳಿಯಿತು. ನಮ್ಮ ಕಾಫಿ ತೋಟ, ಹಾಸನದ ಶುಂಠಿ ಮತ್ತು ಆಲೂಗಡ್ಡೆ ಹೊಲ, ಎಲ್ಲೆಡೆಯೂ ಈ ಕೀಟನಾಶಕ, ಕಳೆನಾಶಕಗಳು ಮನೆಯ ಜಗಲಿಯ ಮೂಲೆಯಲ್ಲೇ ಇರುತ್ತವೆ. ನಾನು ರೈಟರ್ ಆಗಿದ್ದ ತೋಟದಲ್ಲಿ ಅವುಗಳ ಕೋಣೆಯ ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಒಬ್ಬ ಆಳು ತೀರಿಕೊಂಡ ಮೇಲೆ ಯಜಮಾನರು ಮಾಡಿದ ಏರ್ಪಾಡು ಅದು. ತೋಟದ ಆಳುಗಳು ಇರುವ ಲೈನ್ ಮನೆಗಳಲ್ಲಿ ಸಂಬಳದ ದಿನ ಕುಡಿತ, ಸಾಲ, ಜಗಳ, ಕೈಗೆಟುಕುವ ವಿಷ ಇವೆಲ್ಲ ಒಂದೇ ರಾತ್ರಿ ಕೂಡಿದಾಗ ಏನಾಗುತ್ತದೆಂದು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದವನಿಗೆ ಗೊತ್ತು, ಮರುದಿನ ಆ ಹೆಸರಿನ ಮುಂದೆ ಗೆರೆ ಎಳೆಯಬೇಕಾದವನು ಅವನೇ. ಬೀಗದ ಕೋಣೆಯೊಂದು ಎಷ್ಟು ಜೀವ ಉಳಿಸುತ್ತದೆ ಎಂಬ ಪ್ರಶ್ನೆಯೂ ಮಾನಸಿಕ ಆರೋಗ್ಯದ ಸಂಶೋಧನೆಯೇ ಎಂದು ಅನುದಾನ ಕೊಡುವವರು ಒಪ್ಪಬೇಕು. ಈ ಸಾಲುಗಳನ್ನು ಓದುವಾಗ ಯಾರಿಗಾದರೂ ಮನಸ್ಸು ಭಾರವಾದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಪ್ರಶ್ನೆಯಿದೆ. ಮಂಗಳವಾರ ಆ ಬೆಂಚಿನ ಮೇಲೆ ಕುಳಿತ ತಂದೆ ತಾಯಿಗಳಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ: ನಾವು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ? ನನಗೆ ಈಗ 66. ನನ್ನ ನಂತರ ತಮ್ಮನಿಗೆ ಊಟ ಹಾಕುವವರು ಸಿಗಬಹುದು, ಆದರೆ ಮಾತ್ರೆ ನೆನಪಿಸುವವರು, ಅವನ ಮುಖ ನೋಡಿ ಕಾಯಿಲೆ ಮರಳುತ್ತಿದೆಯೆಂದು ಎರಡು ದಿನ ಮೊದಲೇ ಗುರುತಿಸುವವರು ಯಾರು? ಸಣ್ಣ ಊರುಗಳಲ್ಲಿ ನಾಲ್ಕಾರು ಮಂದಿ ಒಟ್ಟಿಗೆ ವಾಸಿಸುವ ಮನೆಗಳು ನಡೆಯುತ್ತವೆಯೇ, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಅಂಗವಿಕಲರ ಮಾಸಾಶನದ ಹಣ ಅದಕ್ಕೆ ಸಾಕಾದೀತೇ, ಅಂಥವರು ಕೂಲಿ ಮಾಡಿ ಗಳಿಸಲು ಯಾವ ಕೆಲಸ ಹೊಂದುತ್ತದೆ, ಇವೆಲ್ಲ ಹಳ್ಳಿಗಳಲ್ಲಿ ಇದ್ದು, ಲೆಕ್ಕ ಹಾಕಿ, ಹೋಲಿಸಿ ತಿಳಿಯಬೇಕಾದ ವಿಷಯಗಳು. ಇದಕ್ಕೆ ಸೂಕ್ಷ್ಮದರ್ಶಕ ಬೇಕಿಲ್ಲ, ಐದು ಹತ್ತು ವರ್ಷಗಳ ತಾಳ್ಮೆ ಮತ್ತು ಅಷ್ಟು ವರ್ಷವೂ ನಿಲ್ಲದೆ ಬರುವ ಅನುದಾನ ಬೇಕು. ಎರಡು ಮೂರು ವರ್ಷಕ್ಕೆ ಮುಗಿದುಹೋಗುವ ಯೋಜನೆಗಳಿಂದ ಈ ಪ್ರಶ್ನೆಗೆ ಉತ್ತರ ದೊರೆಯದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮಾನಸಿಕ ಕಾಯಿಲೆಗಳ ಸಂಶೋಧನೆಗೆಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೊಡುವ ಹಣದಲ್ಲಿ ಕನಿಷ್ಠ ಮೂರನೆಯ ಒಂದು ಭಾಗವನ್ನು ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ರೋಗಿಯ ಮನೆ ಇವುಗಳ ನಡುವೆ ನಡೆಯುವ ಅಧ್ಯಯನಗಳಿಗೆ ಮೀಸಲಿಡಬೇಕು. ಮೂರನೆಯ ಒಂದು ಭಾಗ ಎಂದದ್ದು ನನ್ನ ಅಂದಾಜು. ತಿಳಿದವರು ತಿದ್ದಲಿ, ಆದರೆ ಒಂದು ಪಾಲು ನಿಗದಿಯಾಗಲಿ. ಯಾವ ಕಾಯಿಲೆಗೆ, ಯಾವ ಬಗೆಯ ಪ್ರಶ್ನೆಗೆ, ಯಾವ ಜಿಲ್ಲೆಯಲ್ಲಿ, ಎಷ್ಟು ಹಣ ಖರ್ಚಾಯಿತೆಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಅಧ್ಯಯನಕ್ಕೆ ರಕ್ತ ಕೊಟ್ಟವರಿಗೆ, ಗಂಟೆಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಹೇಳಿದವರಿಗೆ ಕೊನೆಗೆ ಕಂಡುಬಂದದ್ದೇನು ಎಂದು ಅವರ ಭಾಷೆಯಲ್ಲಿ ತಿಳಿಸಲಿ. ವಿಷಯ ಗೊತ್ತುಮಾಡುವ ಸಮಿತಿಯಲ್ಲಿ ಕಾಯಿಲೆ ಅನುಭವಿಸಿದವರೂ ಆರೈಕೆ ಮಾಡುವವರೂ ಇರಲಿ, ಮತ್ತು ಅವರು ಬೆಂಗಳೂರಿನವರೇ ಆಗಿರದೆ ತಾಲ್ಲೂಕುಗಳಿಂದಲೂ ಬರಲಿ. ಬಸ್ಸಿನ ಖರ್ಚಿನ ಜೊತೆಗೆ ಅವರು ಕಳೆದುಕೊಳ್ಳುವ ದಿನದ ಕೂಲಿಯನ್ನೂ ಕೊಡಬೇಕು, ಇಲ್ಲದಿದ್ದರೆ ಉಳ್ಳವರಷ್ಟೇ ಬರುತ್ತಾರೆ.

ರೋಗಿಗಳನ್ನು ಕೇಳಿದರೆ ಅವರಿಗೆ ಬೇಕಾದ ಉತ್ತರವನ್ನೇ ಬಯಸುತ್ತಾರೆ, ವಿಜ್ಞಾನ ಕೆಡುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ನನ್ನ ತಮ್ಮ ಅಂದು ವೈದ್ಯರನ್ನು ಕೇಳಿದ ಪ್ರಶ್ನೆಗೆ ಹತ್ತಿರದ ಪ್ರಶ್ನೆಯೊಂದನ್ನು ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಲ್ಲಿ ಸುಮಾರು 250 ಮಂದಿಯ ಮೇಲೆ ಪರೀಕ್ಷಿಸಿದ್ದಾರೆ. ರೇಡಾರ್ ಎಂಬ ಆ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂತು. ಅರ್ಧ ಮಂದಿಗೆ ವೈದ್ಯರ ನಿಗಾದಲ್ಲಿ ಮಾತ್ರೆಯನ್ನು ನಿಧಾನವಾಗಿ ಇಳಿಸುತ್ತ ಬಂದರು, ಉಳಿದವರಿಗೆ ಮೊದಲಿನಂತೆಯೇ ಮುಂದುವರಿಸಿದರು. ಎರಡು ವರ್ಷಗಳ ನಂತರ ನೋಡಿದಾಗ ಮಾತ್ರೆ ಇಳಿಸಿದವರ ಸಾಮಾಜಿಕ ಬದುಕಿನಲ್ಲಿ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ, ಕಾಯಿಲೆ ಮರುಕಳಿಸಿದ್ದು ಅವರಲ್ಲೇ ಹೆಚ್ಚು. ರೋಗಿಗಳು ಆಸೆಪಟ್ಟ ಉತ್ತರ ಇದಾಗಿರಲಿಲ್ಲ. ಆದರೂ ಉತ್ತರ ಸಿಕ್ಕಿತು, ಪ್ರಕಟವಾಯಿತು.

ಇದನ್ನು ನಾನು ತಮ್ಮನಿಗೆ ಓದಿ ಹೇಳಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದು, ಅಲ್ಲಿಯವರು ಬಿಸಿಲಲ್ಲಿ ಕಣದ ಕೆಲಸ ಮಾಡುತ್ತಾರೆಯೇ ಎಂದು ಕೇಳಿದ. ಇಲ್ಲ ಎಂದೆ. ಹಾಗಾದರೆ ನಮ್ಮ ಕಡೆ ಒಮ್ಮೆ ನೋಡಲಿ, ತನ್ನ ಹೆಸರು ಬರೆಸಲು ತಾನು ಸಿದ್ಧ, ಈ ಮಾತನ್ನು ಪತ್ರದಲ್ಲಿ ಸೇರಿಸಬೇಕು ಎಂದು ಹೇಳಿದ್ದಾನೆ. ಸೇರಿಸಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತೋಟದ ರೈಟರ್
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ